ಡಯಾಲಿಸಿಸ್ ಪೈಪಿಗೆ ಯಾವ ಲಾಕ್? ಹೆಪಾರಿನ್, ಸಿಟ್ರೇಟ್, ಟಾರೊಲಿಡಿನ್, ಆಂಟಿಬಯಾಟಿಕ್: ಒಂದು ಹೋಲಿಕೆ

ಡಯಾಲಿಸಿಸ್ ಮುಗಿಸಿ ರೋಗಿ ಮನೆಗೆ ಹೋದ ಮೇಲೆ ಕುತ್ತಿಗೆಯ ಕ್ಯಾಥೆಟರ್‌ನ (ರಕ್ತ ಎಳೆದು ಮರಳಿಸಲು ನಾಳಕ್ಕೆ ಇಳಿಸಿದ ಪೈಪು; ಲೈನು ಎಂದರೂ ಇದೇ) ಎರಡೂ ನಳಿಕೆಗಳಲ್ಲಿ ಒಂದಿಷ್ಟು ದ್ರವ ಸುಮ್ಮನೆ ನಿಂತಿರುತ್ತದೆ. ವಾರಕ್ಕೆ ಮೂರು ಸಲ ಬರುವವರಲ್ಲಿ ಎರಡು ಮೂರು ದಿನ. ನಮ್ಮಲ್ಲಿ ಎರಡೇ ಸಲ ಬರುವವರೂ ಬಹಳ, ಅವರಲ್ಲಿ ಮೂರು ನಾಲ್ಕು ದಿನ. ಆ ದ್ರವವೇ ಲಾಕ್. ಅದರಿಂದ ಎರಡು ಕೆಲಸ ಆಗಬೇಕು: ಒಳಗೆ ರಕ್ತ ಹೆಪ್ಪುಗಟ್ಟಬಾರದು, ಒಳಗೋಡೆಗೆ ರೋಗಾಣು ಅಂಟಿಕೊಳ್ಳಬಾರದು. ಇವೆರಡೂ ಬೇರೆಬೇರೆ ತೊಂದರೆಗಳಂತೆ ಕಂಡರೂ ಬೇರು ಒಂದೇ. ಹೆಪ್ಪಿನ ಎಳೆ ಎಲ್ಲಿ ಅಂಟಿತೋ ಅಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ, ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಆ ಪದರದ ಮೇಲೆ ಮತ್ತೆ ಹೆಪ್ಪು. ಹಾಗಾಗಿ ಪದೇ ಪದೇ ಕಟ್ಟಿಕೊಳ್ಳುವ ಪೈಪಿಗೆ ಇವತ್ತಲ್ಲ ನಾಳೆ ಸೋಂಕೂ ಬರುವ ಸಂಭವ ಹೆಚ್ಚು.

ಎರಡೂ ಕೆಲಸವನ್ನು ಚೆನ್ನಾಗಿ ಮಾಡುವ ಅಗ್ಗದ ಲಾಕ್ ಒಂದೂ ಇಲ್ಲ. ಆಯ್ಕೆ ಕಷ್ಟವಾಗುವುದು ಇಲ್ಲೇ. ನಿಮ್ಮ ಘಟಕದಲ್ಲಿ ಹೆಚ್ಚು ಕಾಡುತ್ತಿರುವುದು ಯಾವುದು, ಹೆಪ್ಪೋ ಚಳಿಜ್ವರವೋ, ಎಂದು ಮೊದಲು ರಿಜಿಸ್ಟರ್ ತೆರೆದು ನೋಡಿ. ಉತ್ತರದ ಅರ್ಧ ಅಲ್ಲೇ ಇರುತ್ತದೆ.

ಲಾಕ್‌ಗಿಂತ ಮುಂಚೆ ಪೈಪು

ತಾತ್ಕಾಲಿಕ ಲೈನು ಚರ್ಮದಿಂದ ನೇರ ರಕ್ತನಾಳಕ್ಕೆ ಇಳಿಯುತ್ತದೆ. ಪರ್ಮ್‌ಕ್ಯಾತ್ ಎಂಬ ದೀರ್ಘಕಾಲದ ಪೈಪು ಚರ್ಮದಡಿ ಸುರಂಗದಲ್ಲಿ ಸ್ವಲ್ಪ ದೂರ ಸಾಗಿ ಆಮೇಲೆ ನಾಳ ಸೇರುತ್ತದೆ. ಸುರಂಗದೊಳಗಿನ ಬಟ್ಟೆಯಂಥ ಪಟ್ಟಿಗೆ, ಅಂದರೆ ಕಫ್‌ಗೆ, ಎರಡು ಮೂರು ವಾರದಲ್ಲಿ ಮಾಂಸ ಬೆಸೆದುಕೊಂಡು ಚರ್ಮದ ರೋಗಾಣುಗಳಿಗೆ ತಡೆಗೋಡೆಯಾಗುತ್ತದೆ. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ನಿನ 2019ರ ಕೆಡಿಒಕ್ಯುಐ ಮಾರ್ಗಸೂಚಿ ತಾತ್ಕಾಲಿಕ ಲೈನನ್ನು ಎರಡು ವಾರದೊಳಗಿನ ಬಳಕೆಗೆ ಮಾತ್ರ ಸೀಮಿತಗೊಳಿಸುತ್ತದೆ. ಕೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವುದು) ಮಾಡಿಸಿದರೂ ಅದು ಬಲಿತು ಸೂಜಿ ಚುಚ್ಚುವಂತಾಗಲು ಆರರಿಂದ ಎಂಟು ವಾರವಾದರೂ ಬೇಕು. ಫಿಸ್ಟುಲಾ ಇನ್ನೂ ಮಾಡಿಸಿಯೇ ಇಲ್ಲದವರಿಗೆ ‘ಸದ್ಯಕ್ಕೆ ಇದಿರಲಿ’ ಎಂದು ತಾತ್ಕಾಲಿಕ ಲೈನು ಹಾಕಿ ಎರಡು ತಿಂಗಳು ದೂಡುವುದು ಉಳಿತಾಯದಂತೆ ಕಾಣುವ ಖರ್ಚು. ಒಂದು ಸೋಂಕಿನ ಆಸ್ಪತ್ರೆ ಬಿಲ್ಲಿನ ಮುಂದೆ ಪರ್ಮ್‌ಕ್ಯಾತ್‌ನ ಬೆಲೆ ದೊಡ್ಡದೇನಲ್ಲ.

ಜಾಗದ ಆಯ್ಕೆಯಲ್ಲಿ ಬಲಗುತ್ತಿಗೆಯ ಜುಗುಲರ್ ನಾಳ ಮೊದಲು, ಯಾಕೆಂದರೆ ಅಲ್ಲಿಂದ ಹೃದಯಕ್ಕೆ ದಾರಿ ನೇರ. ಎಡಗಡೆ ಎರಡು ತಿರುವು, ಅಲ್ಲಿ ತುದಿ ನಾಳದ ಗೋಡೆಗೆ ತಾಗಿ ರಕ್ತ ಎಳೆಯದಿರುವುದು ಸಾಮಾನ್ಯ. ತೊಡೆಸಂದಿಯದು ತುರ್ತಿಗೆ, ಅದೂ ಕೆಲವೇ ದಿನಕ್ಕೆ. ಕೊರಳೆಲುಬಿನ ಕೆಳಗಿನ ಸಬ್‌ಕ್ಲೇವಿಯನ್ ಆದಷ್ಟೂ ಬೇಡ: ಆ ನಾಳ ಕಿರಿದಾದರೆ ಅದೇ ಬದಿಯ ಕೈಯ ಫಿಸ್ಟುಲಾ ಹಾಳಾಗುತ್ತದೆ. ತಾತ್ಕಾಲಿಕ ಲೈನಿನ ಉದ್ದ ಬಲ ಜುಗುಲರ್‌ಗೆ ಸಾಮಾನ್ಯವಾಗಿ 12ರಿಂದ 15 ಸೆಂ.ಮೀ., ತೊಡೆಸಂದಿಗೆ 20 ಸೆಂ.ಮೀ. ಆಸುಪಾಸು. ತೊಡೆಗೆ ಗಿಡ್ಡ ಲೈನು ಹಾಕಿದರೆ ಶುದ್ಧವಾದ ರಕ್ತವೇ ಮರಳಿ ಯಂತ್ರಕ್ಕೆ ಬರುತ್ತದೆ. ಆಮೇಲೆ ಯಾವ ಲಾಕ್ ಹಾಕಿದರೂ ಅದು ಸರಿಹೋಗುವುದಿಲ್ಲ.

ಹೆಪಾರಿನ್: 1000ವೋ 5000ವೋ

ಎಲ್ಲ ಕಡೆ ಸಿಗುವುದು, ಅಗ್ಗದ್ದು, ಕೈಗೆ ಒಗ್ಗಿದ್ದು ಹೆಪಾರಿನ್. ಹೆಪ್ಪನ್ನು ತಡೆಯುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾದ ಲೋಳೆಪದರ ಬೆಳೆಯಲು ಅದು ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಸಾಂದ್ರತೆಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಎರಡು ನಳಿಕೆಗಳ ಗಾತ್ರ 1.6 ಮತ್ತು 1.7 ಮಿ.ಲೀ. ಇದೆ ಎನ್ನೋಣ, ಒಟ್ಟು 3.3. ಮಿ.ಲೀ.ಗೆ 5000 ಯೂನಿಟ್‌ನ ಹೆಪಾರಿನ್ ತುಂಬಿದರೆ 16,500 ಯೂನಿಟ್. ನಳಿಕೆಯ ನಡುವಿನ ದ್ರವ ಅಂಚಿನದಕ್ಕಿಂತ ವೇಗವಾಗಿ ಓಡುವುದರಿಂದ, ಅಳತೆಗೆ ಸರಿಯಾಗಿ ತುಂಬಿದರೂ ಸುಮಾರು ಐದರಲ್ಲೊಂದು ಪಾಲು ತುದಿಯಿಂದ ರಕ್ತಕ್ಕೆ ಸೋರುತ್ತದೆ. ಅಂದರೆ 3,300 ಯೂನಿಟ್, ಡಯಾಲಿಸಿಸ್ ಶುರುವಿಗೆ ಕೊಡುವ ಒಂದು ಡೋಸಿನಷ್ಟು, ರೋಗಿ ಮನೆಗೆ ಹೊರಟ ಹೊತ್ತಿಗೆ ಸರಿಯಾಗಿ ಮೈಗೆ ಸೇರಿತು. ಹಲ್ಲಿನ ವಸಡಲ್ಲಿ ರಕ್ತ, ಲೈನಿನ ಬಾಯಲ್ಲಿ (ಅದು ಚರ್ಮದಿಂದ ಹೊರಬರುವ ಜಾಗದಲ್ಲಿ) ಒಸರು, ಫಿಸ್ಟುಲಾ ಶಸ್ತ್ರಚಿಕಿತ್ಸೆಯ ದಿನ ನಿಲ್ಲದ ರಕ್ತ: ಹಲವು ಸಲ ಕಾರಣ ಇದೇ. 1000ದ ಸಾಂದ್ರತೆಯಲ್ಲಿ ಅದೇ ಸೋರಿಕೆ 660 ಯೂನಿಟ್. ಪೈಪು ಕಟ್ಟುವುದನ್ನು ತಡೆಯುವುದರಲ್ಲಿ 1000 ಬಹುಮಟ್ಟಿಗೆ 5000ದಷ್ಟೇ ಕೆಲಸ ಮಾಡುತ್ತದೆ. ದಿನನಿತ್ಯದ ಲಾಕ್‌ಗೆ 5000 ಹಿಡಿದು ಕೂರಲು ಕಾರಣ ಕಾಣದು.

ನಮ್ಮ ಅಂಗಡಿಗಳಲ್ಲಿ 5 ಮಿ.ಲೀ. ವಯಲ್ ಎರಡು ಬಗೆಯಲ್ಲಿ ಸಿಗುತ್ತದೆ: ಒಟ್ಟು 5,000 ಯೂನಿಟ್‌ನದು (ಮಿ.ಲೀ.ಗೆ 1000) ಮತ್ತು ಒಟ್ಟು 25,000 ಯೂನಿಟ್‌ನದು (ಮಿ.ಲೀ.ಗೆ 5000). ‘ಐದು ಸಾವಿರದ್ದು ಕೊಡಿ’ ಎಂದರೆ ಯಾವುದು ಬರುತ್ತದೆಂದು ಹೇಳಲಾಗದು. ಲೇಬಲ್ಲಿನ ಮೇಲೆ ‘ಮಿ.ಲೀ.ಗೆ ಎಷ್ಟು’ ಎಂಬುದನ್ನೇ ಓದಿ. ದೊಡ್ಡದೇ ಸಿಕ್ಕಿದರೆ 1 ಮಿ.ಲೀ. ಹೆಪಾರಿನ್‌ಗೆ 4 ಮಿ.ಲೀ. ಸಲೈನ್ ಸೇರಿಸಿದರೆ 1000ದ ಲಾಕ್ 5 ಮಿ.ಲೀ. ಆಗುತ್ತದೆ. ಒಂದೇ ವಯಲ್‌ನಿಂದ ಹತ್ತು ಜನಕ್ಕೆ ಎಳೆಯುವುದು ಸೋಂಕಿಗೆ ನೀವೇ ಹಾಕಿಕೊಡುವ ದಾರಿ. ಅನಿವಾರ್ಯವಾದರೆ ರೋಗಿಯ ಹಾಸಿಗೆಯಿಂದ ದೂರದ ಶುಚಿಯಾದ ಮೇಜಿನಲ್ಲಿ, ಪ್ರತಿ ಸಲ ಹೊಸ ಸೂಜಿ ಹೊಸ ಸಿರಿಂಜಿನಲ್ಲಿ ಎಳೆಯಿರಿ.

ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಇದ್ದವರಿಗೆ ಲಾಕ್‌ನ ಹೆಪಾರಿನ್ ಕೂಡ ಕೂಡದು.

ಸಿಟ್ರೇಟ್: 4 ಶೇಕಡಾ ಹೌದು, 30ಕ್ಕೆ ಎಚ್ಚರ, 46.7 ಬೇಡ

ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು; ಸಿಟ್ರೇಟ್ ಅದನ್ನೇ ಹಿಡಿದಿಡುತ್ತದೆ. 4 ಶೇಕಡಾ ಸಿಟ್ರೇಟ್ ಸೋರಿದರೂ ರಕ್ತಸ್ರಾವದ ಭಯವಿಲ್ಲ. ಪೈಪನ್ನು ತೆರೆದಿಡುವುದರಲ್ಲಿ ಹೆಪಾರಿನ್‌ಗೆ ಸಮ. ಸೋಂಕು ತಡೆಯಲು ಮತ್ತು ಪೈಪು ಕೈಕೊಡದಂತೆ ನೋಡಿಕೊಳ್ಳಲು 5 ಶೇಕಡಾಕ್ಕಿಂತ ಕಡಿಮೆ ಸಾಂದ್ರತೆಯ ಸಿಟ್ರೇಟ್ ಬಳಸಬಹುದೆಂದು ಕೆಡಿಒಕ್ಯುಐ ಸೂಚಿಸುತ್ತದೆ. ಪ್ಲೇಟ್‌ಲೆಟ್ ತೊಂದರೆಯವರಿಗೆ, ರಕ್ತ ಸುರಿಯುತ್ತಿರುವವರಿಗೆ, ನಾಳೆ ಶಸ್ತ್ರಚಿಕಿತ್ಸೆ ಇರುವವರಿಗೆ ಇದೇ ಮೊದಲ ಆಯ್ಕೆ.

30 ಶೇಕಡಾದ್ದು ರೋಗಾಣುವನ್ನೂ ತಡೆಯುತ್ತದೆ. ನೆದರ್‌ಲೆಂಡ್ಸ್‌ನಲ್ಲಿ 291 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತದ ಸೋಂಕು ಸಾವಿರ ಕ್ಯಾಥೆಟರ್-ದಿನಕ್ಕೆ (ಒಬ್ಬರಲ್ಲಿ ಪೈಪು ಒಂದು ದಿನ ಇದ್ದರೆ ಒಂದು ಕ್ಯಾಥೆಟರ್-ದಿನ) ಹೆಪಾರಿನ್‌ನಲ್ಲಿ 4.1, ಸಿಟ್ರೇಟ್‌ನಲ್ಲಿ 1.1. ಆದರೆ ಅದು ಹೆಪಾರಿನ್‌ಗಿಂತ ಭಾರ, ತುದಿಯಿಂದ ತಾನಾಗಿಯೂ ಜಾರುತ್ತದೆ. ಬೇಗ ತಳ್ಳಿದರೆ ತುಟಿ ಜುಮುಗುಟ್ಟುವುದು, ಬಾಯಲ್ಲಿ ಲೋಹದ ರುಚಿ. ಇನ್ನೂ ಗಟ್ಟಿಯಾದ 46.7 ಶೇಕಡಾದ್ದನ್ನು ತಳ್ಳಿದ ಬೆನ್ನಿಗೇ ಸಾವು ಸಂಭವಿಸಿ 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ರಕ್ತದಲ್ಲಿ ಕ್ಯಾಲ್ಸಿಯಂ ಥಟ್ಟನೆ ಕುಸಿದರೆ ಹೃದಯದ ಲಯ ತಪ್ಪುತ್ತದೆ, ಅಷ್ಟೇ ವಿಷಯ.

ಲಾಕ್‌ಗೆಂದೇ ತಯಾರಾದ ಸ್ಟೆರೈಲ್ ಸಿಟ್ರೇಟನ್ನೇ ತರಿಸಿ. ಲ್ಯಾಬಿನ ರಕ್ತಪರೀಕ್ಷೆ ಟ್ಯೂಬಿನ ಸಿಟ್ರೇಟ್, ಬ್ಲಡ್ ಬ್ಯಾಂಕಿನ ಚೀಲದ ಡೆಕ್ಸ್ಟ್ರೋಸ್ ಬೆರೆತ ದ್ರವ ಇವು ಅದಕ್ಕೆ ಸಾಟಿಯಲ್ಲ.

ಟಾರೊಲಿಡಿನ್

ಟಾರಿನ್ ಎಂಬ ಅಮೈನೊ ಆಮ್ಲದಿಂದ ಬಂದ ಟಾರೊಲಿಡಿನ್ ಆಂಟಿಬಯಾಟಿಕ್ ವರ್ಗದ್ದಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡರ ಹೊರಪದರಕ್ಕೂ ರಾಸಾಯನಿಕವಾಗಿ ಏಟು ಹಾಕುತ್ತದೆ. ಹಾಗಾಗಿ ಆಂಟಿಬಯಾಟಿಕ್ ಲಾಕ್‌ನಲ್ಲಿ ಕಾಡುವ ನಿರೋಧಕತೆಯ ಚಿಂತೆ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೊರತೆ ಇನ್ನೊಂದು ಕಡೆ. ಟಾರೊಲಿಡಿನ್ ಜೊತೆ ಬರೀ 4 ಶೇಕಡಾ ಸಿಟ್ರೇಟ್ ಇದ್ದರೆ ಪೈಪು ಕಟ್ಟುವುದು ಹೆಚ್ಚು. ಅದಕ್ಕೇ ಮಿ.ಲೀ.ಗೆ 500 ಯೂನಿಟ್ ಹೆಪಾರಿನ್ ಸೇರಿಸಿದ್ದು, ವಾರಕ್ಕೊಮ್ಮೆ ಹಾಕಲು ಹೆಪ್ಪು ಕರಗಿಸುವ ಯೂರೊಕೈನೇಸ್ ಸೇರಿಸಿದ್ದು ಎಂಬ ರೂಪಗಳು ಬಂದವು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಯಾವ ರೂಪ ಎಂದು ನೋಡಿ. ‘ಸೋಂಕು ನಿಂತಿತು, ಫ್ಲೋ ಹೋಯಿತು’ ಎಂಬ ದೂರು ಸಾಮಾನ್ಯವಾಗಿ ಹೆಪಾರಿನ್ ಇಲ್ಲದ ರೂಪದ ಬಗ್ಗೆ.

ಮಿ.ಲೀ.ಗೆ 13.5 ಮಿ.ಗ್ರಾಂ. ಟಾರೊಲಿಡಿನ್, 1000 ಯೂನಿಟ್ ಹೆಪಾರಿನ್ ಇರುವ ಡಿಫೆನ್‌ಕ್ಯಾತ್‌ಗೆ ಅಮೆರಿಕದಲ್ಲಿ 2023ರ ನವೆಂಬರ್‌ನಲ್ಲಿ ಮಂಜೂರಾತಿ ಸಿಕ್ಕಿತು. ಅದರ ಆಧಾರವಾದ 795 ರೋಗಿಗಳ ಪ್ರಯೋಗದಲ್ಲಿ ರಕ್ತದ ಸೋಂಕು ಹೆಪಾರಿನ್ ಗುಂಪಿನಲ್ಲಿ 32 ಜನಕ್ಕೆ, ಟಾರೊಲಿಡಿನ್ ಗುಂಪಿನಲ್ಲಿ 9 ಜನಕ್ಕೆ. ಅಪಾಯ 71 ಶೇಕಡಾ ಕಡಿಮೆ. ಅಡ್ಡಿ ಬೆಲೆಯದು. ಎಲ್ಲರಿಗೂ ಹಾಕಲಾಗದಿದ್ದರೆ ಒಮ್ಮೆ ಸೋಂಕಾದವರು, ಸಕ್ಕರೆಕಾಯಿಲೆಯವರು, ಬೇರೆ ನಾಳವೇ ಉಳಿಯದವರು ಎಂದು ಆರಿಸಿಕೊಂಡು ಹಾಕಿ.

ಆಂಟಿಬಯಾಟಿಕ್ ಲಾಕ್

ಹೆಚ್ಚು ಪರೀಕ್ಷೆಗೆ ಒಳಗಾದದ್ದು ಜೆಂಟಾಮೈಸಿನ್. ಸೋಂಕು ಇಳಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹೆಚ್ಚು ಸಾಂದ್ರತೆಯಲ್ಲಿ ಪ್ರತಿ ಸಲ ಸೋರಿದ್ದು ಕಿವಿಯ ನರಕ್ಕೆ ಪೆಟ್ಟು ಕೊಡುತ್ತದೆ. ತಲೆಸುತ್ತು, ಕಿವಿ ಮಂದವಾಗುವುದು. ತಿಂಗಳುಗಟ್ಟಲೆ ಬಳಸಿದ ಕಡೆ ಜೆಂಟಾಮೈಸಿನ್‌ಗೆ ಬಗ್ಗದ ರೋಗಾಣುಗಳು ತಲೆಯೆತ್ತಿದ ವರದಿಗಳಿವೆ. ಹೀಗಾಗಿ 4 ಶೇಕಡಾ ಸಿಟ್ರೇಟ್‌ನಲ್ಲಿ ಮಿ.ಲೀ.ಗೆ 0.32 ಮಿ.ಗ್ರಾಂ.ನಷ್ಟು ತೆಳು ಜೆಂಟಾಮೈಸಿನ್ ಬಳಸುವ ಕ್ರಮ ಬಂತು.

ಆದರೆ ಆ ತೆಳುವನ್ನು ವಾರ್ಡಿನಲ್ಲಿ ಕೂಡಿಸುವುದು ಸುಲಭವಲ್ಲ. ಆಂಪೂಲ್‌ನಲ್ಲಿ ಮಿ.ಲೀ.ಗೆ 40 ಮಿ.ಗ್ರಾಂ. ಇರುತ್ತದೆ. 10 ಮಿ.ಲೀ. ಸಿಟ್ರೇಟ್‌ಗೆ ಬೇಕಾದದ್ದು 3.2 ಮಿ.ಗ್ರಾಂ., ಅಂದರೆ 0.08 ಮಿ.ಲೀ. ನೂರರ ಗುರುತಿನ ಇನ್ಸುಲಿನ್ ಸಿರಿಂಜಿನಲ್ಲಿ ಎಂಟು ಗೀಟು. ನಮ್ಮಲ್ಲಿ ನಲವತ್ತರ ಗುರುತಿನ ಸಿರಿಂಜೂ ಅದೇ ಡ್ರಾಯರಿನಲ್ಲಿ ಇರುತ್ತದೆ. ಅದರಲ್ಲಿ ‘ಎಂಟು ಯೂನಿಟ್’ ಎಂದರೆ 0.2 ಮಿ.ಲೀ., ಎರಡೂವರೆ ಪಟ್ಟು. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಇದನ್ನು ಕೂಡಿಸಹೋಗಬೇಡಿ. ಔಷಧಾಲಯದ ಸ್ಟೆರೈಲ್ ಕೋಣೆಯಲ್ಲಿ ಮಾಡಿಸಲು ಆಗುವುದಾದರೆ ಮಾತ್ರ ಈ ಲಾಕ್ ಯೋಚಿಸಿ, ಅದೂ ಪದೇ ಪದೇ ಸೋಂಕಾಗುವವರಿಗೆ. ವ್ಯಾಂಕೊಮೈಸಿನನ್ನು ಮುಂಜಾಗ್ರತೆಯ ಲಾಕ್ ಆಗಿ ಸವೆಸಬೇಡಿ, ಚಿಕಿತ್ಸೆಗೆ ಅದು ಬೇಕಾಗುತ್ತದೆ.

70 ಶೇಕಡಾ ಎಥನಾಲ್ ಲಾಕ್ ಬಗ್ಗೆ ಕೇಳುವವರಿದ್ದಾರೆ. ಪಾಲಿಯುರೆಥೇನ್ ಪೈಪನ್ನು ಅದು ಶಿಥಿಲ ಮಾಡಬಲ್ಲದು, ಹೆಪ್ಪನ್ನೂ ತಡೆಯುವುದಿಲ್ಲ. ಬಿಟ್ಟುಬಿಡಿ.

ಪದೇ ಪದೇ ಕಟ್ಟುವ ಪೈಪಿಗೆ

ಆಲ್ಟೆಪ್ಲೇಸ್ ಹೆಪ್ಪನ್ನು ಕರಗಿಸುವ ಔಷಧ. ಕೆನಡಾದಲ್ಲಿ 225 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ವಾರದ ಮೂರು ಡಯಾಲಿಸಿಸ್ ಪಾಳಿಗಳಲ್ಲಿ ಒಂದರಲ್ಲಿ ಪ್ರತಿ ನಳಿಕೆಗೆ 1 ಮಿ.ಗ್ರಾಂ. ಆಲ್ಟೆಪ್ಲೇಸ್, ಉಳಿದೆರಡಕ್ಕೆ ಹೆಪಾರಿನ್ ಹಾಕಿದರು. ಇನ್ನೊಂದು ಗುಂಪಿಗೆ ಮೂರೂ ಸಲ ಹೆಪಾರಿನ್. ಪೈಪು ಕೈಕೊಟ್ಟದ್ದು 20 ಶೇಕಡಾ ಮತ್ತು 34.8 ಶೇಕಡಾ. ರಕ್ತದ ಸೋಂಕು 4.5 ಮತ್ತು 13 ಶೇಕಡಾ. ಹೆಪ್ಪು ಕಡಿಮೆಯಾದಾಗ ಸೋಂಕೂ ಇಳಿಯಿತೆಂಬುದೇ ಇದರ ಮುಖ್ಯ ಪಾಠ. ಬೆಲೆಯಿಂದಾಗಿ ಎಲ್ಲರಿಗೂ ಇದು ಆಗದು. ತಿಂಗಳಿಗೆ ಎರಡು ಮೂರು ಸಲ ಕಟ್ಟಿಕೊಂಡು, ಬದಲಿಸಲು ಬೇರೆ ಜಾಗವಿಲ್ಲದವರಿಗೆ ಲೆಕ್ಕ ಹಾಕಿ ನೋಡಬಹುದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ: ದಿನನಿತ್ಯಕ್ಕೆ 4 ಶೇಕಡಾ ಸಿಟ್ರೇಟ್ ಸಿಕ್ಕರೆ ಅದು, ಸಿಗದಿದ್ದರೆ 1000ದ ಹೆಪಾರಿನ್. ಸೋಂಕಿನ ಅಪಾಯ ಹೆಚ್ಚಿರುವವರಿಗೆ ಹೆಪಾರಿನ್ ಸೇರಿದ ಟಾರೊಲಿಡಿನ್. ಉಳಿದವು ತಜ್ಞರು ಒಬ್ಬೊಬ್ಬ ರೋಗಿಯನ್ನು ನೋಡಿ ತೀರ್ಮಾನಿಸುವಂಥವು.

ಲಾಕ್ ಹಾಕುವ ಕೈ

ರೋಗಾಣು ಒಳಗೆ ಹೋಗುವ ಮುಖ್ಯ ಬಾಗಿಲು ಹಬ್, ಅಂದರೆ ಮುಚ್ಚಳ ತಿರುಗಿಸುವ ಬಾಯಿ. ರೋಗಿಗೂ ನಿಮಗೂ ಮಾಸ್ಕ್. ಕ್ಲಾಂಪ್ ಬಿಗಿಯಾಗಿದೆಯೆಂದು ನೋಡದೆ ಮುಚ್ಚಳ ತೆಗೆಯಬೇಡಿ, ಗಾಳಿ ಎಳೆದುಕೊಂಡರೆ ಜೀವಕ್ಕೇ ಅಪಾಯ. ಮುಚ್ಚಳ ತೆಗೆದ ಮೇಲೆ ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಪ್ಯಾಡಿನಿಂದ ಹಬ್‌ನ ಬಾಯಿ, ಅಂಚು, ಹೊರಗಿನ ತಿರುಪಿನ ಮರೆಗಳನ್ನು 15 ಸೆಕೆಂಡು ಉಜ್ಜಿ; ಮರೆಗಳ ಸಂದಿಯಲ್ಲಿ ಒಣಗಿದ ಕಂದು ರಕ್ತದ ಗೆರೆ ಉಳಿದಿದ್ದರೆ ಉಜ್ಜಿದ್ದು ಸಾಲದು. ಒಂದೊಂದು ಹಬ್‌ಗೂ ಬೇರೆ ಪ್ಯಾಡ್. ತಾನಾಗಿ ಒಣಗಲಿ, ಊದಬೇಡಿ, ಬೀಸಬೇಡಿ. ತೆರೆದ ಬಾಯನ್ನು ಹಾಗೇ ಬಿಟ್ಟು ಸಿರಿಂಜಿಗೆ ಹುಡುಕಾಡುವುದೂ ತಪ್ಪು. ಎಲ್ಲ ಮೊದಲೇ ಜೋಡಿಸಿಡಿ.

ಶುರುವಿನಲ್ಲಿ ಹಳೆಯ ಲಾಕನ್ನು ಹಿಂದಕ್ಕೆಳೆದು ಚೆಲ್ಲಿ, ಪ್ರತಿ ನಳಿಕೆಯಿಂದ 3ರಿಂದ 5 ಮಿ.ಲೀ. ಅದನ್ನು ಬಿಳಿ ಗಾಜ್ ಮೇಲೆ ಸುರಿದರೆ ಹೆಪ್ಪಿನ ತುಣುಕು ಕಣ್ಣಿಗೆ ಬೀಳುತ್ತದೆ. ಮುಗಿದ ಮೇಲೆ ಪ್ರತಿ ನಳಿಕೆಗೂ 10 ಮಿ.ಲೀ. ಸಲೈನನ್ನು ತಳ್ಳು-ನಿಲ್ಲಿಸು, ತಳ್ಳು-ನಿಲ್ಲಿಸು ಎಂದು ಜೋರಾಗಿ ಹರಿಸಿ. ರಕ್ತ ಗೋಡೆಗೆ ಅಂಟಿರುವಾಗ ಮೇಲೆ ಎಷ್ಟು ಒಳ್ಳೆಯ ಲಾಕ್ ಹಾಕಿದರೂ ದಂಡ. ಆಮೇಲೆ ಕ್ಲಾಂಪಿನ ಮೇಲೆ ಅಚ್ಚಾದ ಅಳತೆಯಷ್ಟೇ ಲಾಕ್, ಕೊನೆಯ ಹನಿ ತಳ್ಳುತ್ತಿರುವಂತೆಯೇ ಕ್ಲಾಂಪ್ ಒತ್ತಿ. ಸಿರಿಂಜು ತೆಗೆದ ಮೇಲೆ ಕ್ಲಾಂಪ್ ಹಾಕಿದರೆ ತುದಿಯಲ್ಲಿ ರಕ್ತ ಒಳಕ್ಕೆ ಸೇರುತ್ತದೆ. ಮುಂದಿನ ಸಲದ ಹೆಪ್ಪು ಅದೇ. ಮುಚ್ಚಳ ಪ್ರತಿ ಸಲ ಹೊಸದು.

ಲೈನು ಚರ್ಮದಿಂದ ಹೊರಬರುವ ಬಾಯಿಗೆ ಪೊವಿಡೋನ್ ಅಯೋಡಿನ್ ಮುಲಾಮು ಅಥವಾ ಮುಪಿರೊಸಿನ್. ಮುಪಿರೊಸಿನ್ ಕೆಲವು ಬ್ರಾಂಡುಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ತಳಹದಿಯಲ್ಲಿ ಬರುತ್ತದೆ. ಅದು ಪಾಲಿಯುರೆಥೇನ್ ಪೈಪನ್ನು ಕೆಡಿಸುತ್ತದೆ. ಪೈಪಿನ ಕೈಪಿಡಿ ಓದದೆ ಯಾವ ಮುಲಾಮನ್ನೂ ಹಚ್ಚಬೇಡಿ. ಡ್ರೆಸಿಂಗ್‌ನಲ್ಲಿ ಪಾರದರ್ಶಕದ್ದಾದರೆ ಒಳಗೆ ಕಾಣುತ್ತದೆ, ವಾರದವರೆಗೂ ಇಡಬಹುದು; ಆದರೆ ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಬೆವರು ಒಳಗೇ ನಿಂತರೆ, ಅಥವಾ ಬಾಯಿ ಒಸರುತ್ತಿದ್ದರೆ, ಪ್ರತಿ ಪಾಳಿಗೂ ಬದಲಿಸುವ ಗಾಜ್ ವಾಸಿ. ಒದ್ದೆಯಾದದ್ದು, ಅಂಚು ಎದ್ದದ್ದು ಯಾವುದೇ ಇರಲಿ, ಅಂದೇ ಬದಲಿಸಿ. ಮನೆಯಲ್ಲಿ ಸ್ನಾನ ಸೊಂಟದ ಕೆಳಗೆ ಮಾತ್ರ, ಮೇಲ್ಭಾಗಕ್ಕೆ ಒದ್ದೆ ಬಟ್ಟೆ.

ಫ್ಲೋ ಬಾರದಿದ್ದಾಗ

ನಿಮಿಷಕ್ಕೆ 300 ಮಿ.ಲೀ. ಬಾರದೆ ಆರ್ಟೀರಿಯಲ್ ಒತ್ತಡ (ಯಂತ್ರ ರಕ್ತ ಎಳೆಯುವ ಬದಿಯದು) ಮೈನಸ್ 250 ಮಿ.ಮೀ. ದಾಟಿದರೆ ತೊಂದರೆಯೆಂಬುದು ಹಳೆಯ ಅಳತೆ. ಈಗ ಆ ರೋಗಿಗೆ ಬರೆದ ಹರಿವು ಸಿಗುತ್ತಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಹಾಕಿದ ದಿನದಿಂದಲೇ ಬಾರದಿದ್ದರೆ ಮಡಿಕೆ, ಬಿಗಿ ಹೊಲಿಗೆ ಅಥವಾ ತಪ್ಪು ಜಾಗದ ತುದಿ, ಎಕ್ಸ್‌-ರೇ ತೆಗೆಸಿ. ವಾರಗಟ್ಟಲೆ ಚೆನ್ನಾಗಿದ್ದು ಆಮೇಲೆ ಕೈಕೊಟ್ಟರೆ ಹೆಪ್ಪು ಅಥವಾ ತುದಿಯ ಸುತ್ತ ಬೆಳೆದ ಫೈಬ್ರಿನ್ ಪೊರೆ. ಸಲೈನ್ ಸಲೀಸಾಗಿ ಒಳಗೆ ಹೋಗುತ್ತದೆ, ಹಿಂದೆ ಎಳೆದರೆ ಮಾತ್ರ ಬರುವುದಿಲ್ಲವೆಂದರೆ ಪೊರೆಯ ಅನುಮಾನ ಬಲವಾಗುತ್ತದೆ.

ಮೊದಲು ಹಾಸಿಗೆಯ ತಲೆಭಾಗ ತಗ್ಗಿಸಿ, ಕುತ್ತಿಗೆ ತಿರುಗಿಸಿ, ಕೆಮ್ಮಿಸಿ ನೋಡಿ. 10 ಮಿ.ಲೀ. ಸಿರಿಂಜಿನಿಂದ ಸಲೈನ್ ಹರಿಸಿ; ಚಿಕ್ಕ ಸಿರಿಂಜಿನಲ್ಲಿ ಒತ್ತಡ ವಿಪರೀತ ಏರಿ ಪೈಪು ಸೀಳಬಹುದು. ರಕ್ತ ಎಳೆಯುವ ಕೆಂಪು, ಮರಳಿಸುವ ನೀಲಿ ನಳಿಕೆಗಳನ್ನು ಅದಲು ಬದಲು ಮಾಡಿದರೆ ಅಂದಿನ ಪಾಳಿ ಮುಗಿಯಬಹುದು, ಆದರೆ ಶುದ್ಧ ರಕ್ತವೇ ಮರಳಿ ಬರುವುದು ಹೆಚ್ಚುತ್ತದೆ. ತಿಂಗಳಾನುಗಟ್ಟಲೆ ಅದಲು ಬದಲಲ್ಲೇ ಓಡಿಸಿದ ರೋಗಿಯ ಯೂರಿಯಾ ಇಳಿಯದಿದ್ದರೆ ಆಶ್ಚರ್ಯವಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರ ಆದೇಶದಂತೆ ಮಿ.ಲೀ.ಗೆ 5000 ಯೂನಿಟ್ ಇರುವ ಯೂರೊಕೈನೇಸನ್ನು ಅಥವಾ ಆಲ್ಟೆಪ್ಲೇಸನ್ನು ನಳಿಕೆಯ ಅಳತೆಗೆ ತುಂಬಿ, 30ರಿಂದ 60 ನಿಮಿಷ ಬಿಟ್ಟು ಎಳೆಯಿರಿ. ಒಂದೆರಡು ವಾರದಲ್ಲಿ ಮತ್ತೆ ಕಟ್ಟಿದರೆ ಔಷಧಕ್ಕೆ ದುಡ್ಡು ಸುರಿಯುವ ಬದಲು ಪೈಪು ಬದಲಿಸುವುದು ಮೇಲು.

ಚಳಿ ಬಂದರೆ

ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಯಲ್ಲಿ ನಡುಗುವ ಚಳಿ ಬಂದರೆ ಬೇರೇನೆಂದು ಸಿದ್ಧವಾಗುವವರೆಗೆ ಪೈಪನ್ನೇ ಅನುಮಾನಿಸಿ. ಆಂಟಿಬಯಾಟಿಕ್‌ಗೆ ಮುಂಚೆ ಎರಡು ಜೊತೆ ಕಲ್ಚರ್ (ರೋಗಾಣು ಬೆಳೆಸಿ ನೋಡುವ ರಕ್ತಪರೀಕ್ಷೆ): ಒಂದು ಕ್ಯಾಥೆಟರ್‌ನಿಂದ, ಒಂದು ಹೊರಗಿನ ನಾಳದಿಂದ. ಹೊರಗಿನದಕ್ಕೆ ಅಂಗೈ ಹಿಂಬದಿಯ ನಾಳ ಸಾಕು, ಫಿಸ್ಟುಲಾಗೆ ಕಾಯ್ದಿಟ್ಟ ಮುಂಗೈ ಮುಟ್ಟಬೇಡಿ. ಕ್ಯಾಥೆಟರ್‌ನ ಬಾಟಲಿಯಲ್ಲಿ ರೋಗಾಣು ಹೊರಗಿನದಕ್ಕಿಂತ ಎರಡು ಗಂಟೆ ಮೊದಲೇ ಬೆಳೆದರೆ ಮೂಲ ಪೈಪೇ. ಔರಿಯಸ್ ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ಬಂದರೆ, ಸುರಂಗದಲ್ಲಿ ಕೀವಿದ್ದರೆ, ರಕ್ತದೊತ್ತಡ ಕುಸಿದರೆ ಪೈಪು ತೆಗೆಯಲೇಬೇಕು; ಸೌಮ್ಯ ರೋಗಾಣುವಾಗಿ ಜ್ವರ ಬೇಗ ಇಳಿದರೆ ಗೈಡ್‌ವೈರಿನ (ಒಳಗೆ ತೂರಿಸಿದ ತಂತಿಯ) ಮೇಲೆ ಅದೇ ದಾರಿಯಲ್ಲಿ ಬದಲಿಸುವ ಅವಕಾಶ ಉಂಟು.

ಜ್ವರದ ರೋಗಿ ರಾತ್ರಿ ಬೇರೆ ಆಸ್ಪತ್ರೆಗೆ ಹೋದಾಗ ಅಲ್ಲಿಯವರು ಕೈಯಲ್ಲಿ ನಾಳ ಸಿಗಲಿಲ್ಲವೆಂದು ಕುತ್ತಿಗೆಯ ಲೈನಿಗೇ ಔಷಧ ತಳ್ಳುವುದುಂಟು. ಒಳಗೆ ನಿಂತ ಲಾಕ್ ಪೂರ್ತಿ ಮೈಗೆ ಹೋಗುತ್ತದೆ. ಅದಕ್ಕೇ ಪ್ರತಿ ಪಾಳಿ ಮುಗಿದಾಗ ಕ್ಲಾಂಪಿನ ಪಕ್ಕ ಒಂದು ಟೇಪು ಅಂಟಿಸಿ, ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ: ‘ಡಯಾಲಿಸಿಸ್‌ಗೆ ಮಾತ್ರ. ಹೆಪಾರಿನ್ 1000. ಕೆಂಪು 1.6, ನೀಲಿ 1.7. ಎಳೆದು ಚೆಲ್ಲದೆ ಏನನ್ನೂ ತಳ್ಳಬೇಡಿ.’ ಕೆಳಗೆ ತಾರೀಖು.